‘ಸ್ವಾಶ್‌ಬಕ್ಲರ್’ಗೆ ‘ಗತ್ತುಗಲಿ’ ಒಪ್ಪುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಹಳೆಯ ಹಾಲಿವುಡ್ ಸಿನಿಮಾಗಳ ಬಗ್ಗೆ ಬರೆಯುತ್ತಾ ‘ಸ್ವಾಶ್‌ಬಕ್ಲರ್’ ಅನ್ನುವ ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಎರಾಲ್ ಫ್ಲಿನ್ ಕತ್ತಿ ಹಿಡಿದು ಮೆರೆಯುವ ಚಿತ್ರಗಳಿಗೆ ಇರುವ ಹೆಸರು ಇದು. ‘ಸಾಹಸಚಿತ್ರ’ ಅಂದರೆ ಬೆಟ್ಟ ಹತ್ತುವವರ ಕಥೆಯೂ ಅದರಲ್ಲಿ ಸೇರಿಬಿಡುತ್ತದೆ. ‘ಕತ್ತಿವರಸೆ ಸಿನಿಮಾ’ ಪರವಾಗಿಲ್ಲ, ಆದರೆ ಅದರಲ್ಲಿ ಕತ್ತಿ ಇದೆ, ಠೀವಿ ಇಲ್ಲ.

ಪದದ ಹುಟ್ಟು ನೋಡಿ. ಬಕ್ಲರ್ ಅಂದರೆ ಚಿಕ್ಕ ದುಂಡು ಗುರಾಣಿ. ಸ್ವಾಶ್ ಅಂದರೆ ಸದ್ದಾಗುವಂತೆ ಬಡಿಯುವುದು. 16ನೇ ಶತಮಾನದಲ್ಲಿ ಗುರಾಣಿ ಬಡಿದು ಸದ್ದು ಮಾಡುತ್ತಾ ಮೆರೆಯುವ ಬಡಾಯಿಕೋರನಿಗೆ ಹೀಗೆ ಅನ್ನುತ್ತಿದ್ದರು. ಅಂದರೆ ಮೊದಲು ಇದು ಬೈಗುಳವೇ. ನಾವೂ ಕತ್ತಿಯಿಂದ ಕೊಚ್ಚುತ್ತೇವೆ, ಬಡಾಯಿಯನ್ನೂ ಕೊಚ್ಚುತ್ತೇವೆ, ಅಲ್ವಾ? ಈ ಎರಡು ‘ಕೊಚ್ಚು’ ಒಂದೇ ಬೇರಿನವೇ? ಬಲ್ಲವರು ತಿಳಿಸಿ.

ಸಿನಿಮಾದ ನಾಯಕನಿಗೆ ಮಾತ್ರ ‘ಬಡಾಯಿಕೋರ’ ಹೊಂದುವುದಿಲ್ಲ. ಉತ್ತರಕುಮಾರ ಬಡಾಯಿ ಕೊಚ್ಚಿ, ಕೌರವರ ಸೇನೆ ಕಂಡ ಕೂಡಲೇ ರಥದಿಂದ ಹಾರಿ ಓಡಿದ. ಇವನು ಆಡಿದ್ದನ್ನು ಮಾಡಿಯೂ ತೋರಿಸುತ್ತಾನೆ. 1938ರ ರಾಬಿನ್ ಹುಡ್ ಚಿತ್ರದ ಕೊನೆಯ ಕಾಳಗವನ್ನೇ ತೆಗೆದುಕೊಳ್ಳಿ. ರಾಬಿನ್ ಆದ ಫ್ಲಿನ್ ಮತ್ತು ಖಳನಾಯಕನಾದ ಬೇಸಿಲ್ ರಾತ್‌ಬೋನ್ ಕೋಟೆಯ ಮೆಟ್ಟಿಲ ಮೇಲೆ ಹೊಡೆದಾಡುತ್ತಾರೆ. ಇಬ್ಬರೂ ಕಂಬದ ಮರೆಗೆ ಸರಿಯುತ್ತಾರೆ. ಆಮೇಲೆ ಕಾಣುವುದು ಕಂಬದ ಮೇಲಿನ ಎರಡು ದೊಡ್ಡ ನೆರಳು, ಕೇಳುವುದು ಕತ್ತಿಗಳ ಖಣಖಣ. ನಿನಗೆ ಪ್ರಾರ್ಥನೆ ಏನಾದರೂ ಬರುತ್ತಾ ಅಂತ ಖಳ ಕೆಣಕಿದರೆ, ನಿನಗಾಗಿ ಒಂದು ಹೇಳುತ್ತೇನೆ ಅಂತ ರಾಬಿನ್. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ. ಅಂದ ಹಾಗೆ, ನಿಜಕ್ಕೂ ಕತ್ತಿವರಸೆಯಲ್ಲಿ ಪಳಗಿದ್ದವರು ರಾತ್‌ಬೋನ್. ಗೆಲ್ಲುವವರು ಫ್ಲಿನ್!

ಕೊರತೆಯೂ ಈ ಗತ್ತಿನಲ್ಲೇ ಇದೆ. ಕತ್ತಿ ಚುಚ್ಚಿದರೂ ರಕ್ತ ಕಾಣುವುದಿಲ್ಲ, ಸತ್ತವನ ನೋವು ಯಾರಿಗೂ ತಟ್ಟುವುದಿಲ್ಲ. 1940ರ ‘ದಿ ಸೀ ಹಾಕ್’ನಲ್ಲಿ ನಾಯಕ ಇಂಗ್ಲೆಂಡಿನ ರಾಣಿಯ ಕೃಪೆಯಿರುವ ಕಡಲ್ಗಳ್ಳ. ಅವನು ಸ್ಪೇನಿನ ಹಡಗು ದೋಚಿದರೆ ಅದು ದೇಶಸೇವೆ. ಚಿತ್ರ ಬಂದಾಗ ಇಂಗ್ಲೆಂಡ್ ಎರಡನೇ ಮಹಾಯುದ್ಧದಲ್ಲಿತ್ತು, ನಿಜ. ಆದರೂ ಲೂಟಿ ಲೂಟಿಯೇ. ನಗುಮೊಗದ ನಾಯಕನಿಗೆ ಜಾಸ್ತಿ ಪ್ರಶ್ನೆ ಕೇಳುವವರೇ ಇಲ್ಲ.

ಹಾಗಾಗಿ ಮೆಚ್ಚುಗೆ, ಆಕ್ಷೇಪ ಎರಡನ್ನೂ ಹೊರುವ ಪದ ಬೇಕು. ‘ಗಂಡುಗಲಿ’ಯ ಹಾಗೆ ‘ಗತ್ತುಗಲಿ’ ಅಂದರೆ ಹೇಗೆ? ‘ಗತ್ತುಗಲಿ ಸಿನಿಮಾ’ ಅಂತ ಬಾಯಲ್ಲಿ ಸಲೀಸಾಗಿ ಬರುತ್ತದೆ. ಒಂದೇ ಅನುಮಾನ. ‘ಅವನ ಗತ್ತು ನೋಡು’ ಅನ್ನುವುದನ್ನು ನಾನು ಎರಡೂ ಅರ್ಥದಲ್ಲಿ ಕೇಳಿದ್ದೇನೆ. ನಿಮ್ಮ ಕಡೆ ಅದು ಹೊಗಳಿಕೆಯೋ, ತೆಗಳಿಕೆಯೋ? ಊರಿನ ಹೆಸರನ್ನೂ ಸೇರಿಸಿ ಬರೆಯಿರಿ.