ಕೊರೆಯುವುದು ನಿಂತರೂ ಓಗೋನಿಯ ನೆಲ ಚೇತರಿಸಿಕೊಳ್ಳಲಿಲ್ಲವೇಕೆ?

ಪ್ರಶ್ನೆ
ನೈಜೀರಿಯಾದ ನೈಜರ್ ಮುಖಜಭೂಮಿಯಲ್ಲಿರುವ ಓಗೋನಿ ಪ್ರದೇಶದಲ್ಲಿ ಜನರ ಪ್ರತಿಭಟನೆಯ ನಡುವೆ ಶೆಲ್ ಕಂಪನಿಯು 1993ರಲ್ಲಿಯೇ ತೈಲ ತೆಗೆಯುವುದನ್ನು ನಿಲ್ಲಿಸಿತು. ಹೋರಾಟದ ಮುಂದಾಳಾಗಿದ್ದ ಲೇಖಕ ಕೆನ್ ಸಾರೋ-ವಿವಾ ಮತ್ತು ಎಂಟು ಮಂದಿ ಸಂಗಡಿಗರನ್ನು ಅಲ್ಲಿನ ಸೇನಾ ಸರ್ಕಾರ 1995ರ ನವೆಂಬರ್ 10ರಂದು ಗಲ್ಲಿಗೇರಿಸಿತು. ಇಷ್ಟೆಲ್ಲ ಆದ ಮೇಲೂ ಅಲ್ಲಿನ ಹೊಲ, ತೊರೆಗಳು ಕೆಟ್ಟೇ ಉಳಿದಿರುವುದೇಕೆ? ಮಳೆ ಹೇರಳವಾಗಿ ಸುರಿಯುವ ನಾಡಿನಲ್ಲಿ ಎಣ್ಣೆ ಕಾಲಕ್ರಮೇಣ ತೊಳೆದುಹೋಗಬೇಕಿತ್ತಲ್ಲವೇ?

ಉತ್ತರ 1
ಮಳೆಯೇ ಅಲ್ಲಿ ಕೇಡನ್ನು ಹರಡಿತು. ಸೋರಿದ ಎಣ್ಣೆಯನ್ನು ತೆಗೆಯಲು ತಡವಾದಷ್ಟೂ ನೀರು ಅದನ್ನು ಊರು, ಹೊಲಗಳ ಮೂಲಕ ಎಳೆದೊಯ್ದು ತೊರೆಗೆ ಸೇರಿಸುತ್ತದೆ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2011ರ ವರದಿ ವಿವರಿಸುತ್ತದೆ. ಉಳಿದದ್ದು ಕೆಳಗಿಳಿಯುತ್ತದೆ. ಓಗೋನಿಯಲ್ಲಿ ಅಂತರ್ಜಲವನ್ನು ಕಾಪಾಡಬಲ್ಲ ಜೇಡಿಮಣ್ಣಿನ ಅಖಂಡ ಪದರವಿಲ್ಲ. ಆದ್ದರಿಂದ ಮೇಲ್ಮಣ್ಣನ್ನು ಉತ್ತು, ಗಾಳಿ-ಬಿಸಿಲಿಗೆ ಬಿಟ್ಟು ಶುದ್ಧವಾಯಿತೆಂದು ಲೆಕ್ಕ ಬರೆದ ಜಾಗಗಳಲ್ಲಿಯೂ ಆಳದಲ್ಲಿ ಮಾಲಿನ್ಯ ಉಳಿದಿತ್ತು, ಹಲವೆಡೆ ಅದು ಐದು ಮೀಟರಿಗೂ ಕೆಳಗೆ ಇಳಿದಿತ್ತು. ನಿಸಿಸಿಯೋಕೆನ್ ಒಗಾಲೆ ಎಂಬಲ್ಲಿ ಜನ ಕುಡಿಯುತ್ತಿದ್ದ ಬಾವಿಗಳ ನೀರಿನಲ್ಲಿ ಕ್ಯಾನ್ಸರ್‌ಕಾರಕ ಬೆಂಜೀನ್ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ 900 ಪಟ್ಟಿಗೂ ಹೆಚ್ಚಿತ್ತು. ಅಲ್ಲದೆ, ನಿಂತದ್ದು ಉತ್ಪಾದನೆ ಮಾತ್ರ. ಬೇರೆಡೆಯ ತೈಲವನ್ನು ಸಾಗಿಸುವ ಕೊಳವೆಮಾರ್ಗಗಳು ಓಗೋನಿಯ ಮೂಲಕವೇ ಹಾದುಹೋಗುತ್ತಿದ್ದವು.

ಉತ್ತರ 2
ಕಂಪನಿಯೊಂದನ್ನೇ ದೂರುವುದು ಅರ್ಧಸತ್ಯವಾಗುತ್ತದೆ ಎಂದು ನನಗನಿಸುತ್ತದೆ. ಕೊಳವೆಗೆ ಕನ್ನ ಹಾಕಿ, ಕದ್ದ ಕಚ್ಚಾ ತೈಲವನ್ನು ತೊರೆಯ ದಡದಲ್ಲಿ ಕಾಯಿಸಿ ಡೀಸೆಲ್ ಮಾಡುವ ದಂಧೆಯು 2007ರ ನಂತರ ಹೆಚ್ಚಿ, ಉಪ್ಪುನೀರಿನ ತೊರೆಗಳ ದಡದ ಕಾಂಡ್ಲಾ (ಮ್ಯಾಂಗ್ರೋವ್) ಕಾಡನ್ನು ಹಾಳುಮಾಡಿರುವುದನ್ನೂ ಅದೇ ವರದಿ ದಾಖಲಿಸಿದೆ.

ಉತ್ತರ 1ರ ಬರಹಗಾರರಿಂದ
ಒಪ್ಪುತ್ತೇನೆ, ಆದರೆ ಎಲ್ಲ ಸೋರಿಕೆಗೂ ಕಳ್ಳರು ಕಾರಣರಲ್ಲ. ಓಗೋನಿಯ ಬೋಡೋ ಎಂಬ ಊರಿನಲ್ಲಿ 2008ರಲ್ಲಿ ಆದ ದೊಡ್ಡ ಸೋರಿಕೆಗಳಿಗೆ ಕೊಳವೆಯ ದೋಷವೇ ಕಾರಣವೆಂದು ಕಂಪನಿಯೇ ಒಪ್ಪಿಕೊಂಡಿತು. ಲಂಡನ್ನಿನಲ್ಲಿ ದಾವೆ ನಡೆದು, 2015ರಲ್ಲಿ 5.5 ಕೋಟಿ ಪೌಂಡ್ ಪರಿಹಾರಕ್ಕೆ ರಾಜಿಯಾಯಿತು; ಅದರಲ್ಲಿ 3.5 ಕೋಟಿ ಸುಮಾರು 15,600 ಮಂದಿಗೆ, ಉಳಿದದ್ದು ಊರಿಗೆ. ಮೀನುಗಾರನಿಗೆ ಹಣ ಸಿಕ್ಕಿತು, ಏಡಿ ಮತ್ತು ಮೀನುಮರಿಗಳು ಬೆಳೆಯುವ ಕಾಂಡ್ಲಾ ಬೇರುಗಳು ಸಿಗಲಿಲ್ಲ.

ಪ್ರಶ್ನೆ ಕೇಳಿದವರಿಂದ
ಹಾಗಾದರೆ ಶುದ್ಧೀಕರಣಕ್ಕೆ ಎಷ್ಟು ಕಾಲ ಬೇಕು?

ಉತ್ತರ 3
ವರದಿಯ ಅಂದಾಜಿನಂತೆ 25ರಿಂದ 30 ವರ್ಷ, ಮೊದಲ ಐದು ವರ್ಷಕ್ಕೇ ನೂರು ಕೋಟಿ ಡಾಲರ್. ಸರ್ಕಾರ ಅದಕ್ಕೆ ವಿಧಿವತ್ತಾಗಿ ಚಾಲನೆ ನೀಡಿದ್ದು 2016ರಲ್ಲಿ. ಗುತ್ತಿಗೆದಾರರು ಮಣ್ಣಿಗೆ ಕೈಹಾಕಿದ್ದು 2019ರಲ್ಲಿ. ಎಣಿಕೆಯನ್ನು ಅಲ್ಲಿಂದ ಆರಂಭಿಸಬೇಕು, ಅದೂ ಹೊಸ ಸೋರಿಕೆಗಳು ಆಗದಿದ್ದರೆ.