ಸಹಾಯ ಬೇಕು: ನಾನು ಮಾಡಿದ ಐರಿಶ್ ಬೂಝುಕಿಯ ಮೇಲ್ಹಲಗೆ ಕುಸಿಯುತ್ತಿದೆ

ಎಲ್ಲರಿಗೂ ನಮಸ್ಕಾರ. ಐರ್ಲೆಂಡಿನ ಗಾಲ್ವೇಯಲ್ಲಿ ಕೆಲಸದಲ್ಲಿದ್ದೇನೆ. ಇಲ್ಲಿನ ಪಬ್‌ಗಳಲ್ಲಿ ಪಿಟೀಲಿಗೆ ಜೊತೆ ಕೊಡುವ ಬೂಝುಕಿಯ (ಉದ್ದ ಕತ್ತಿನ, ಮೀಟಿ ನುಡಿಸುವ ತಂತಿವಾದ್ಯ) ನಾದಕ್ಕೆ ಮರುಳಾಗಿ ಒಂದನ್ನು ಕೈಯಾರೆ ಮಾಡಿದೆ. 1960ರ ದಶಕದಲ್ಲಿ ಜಾನಿ ಮೊಯ್ನಿಹಾನ್ ಐರಿಶ್ ಸಂಗೀತಕ್ಕೆ ತಂದದ್ದು ಗುಂಡು ಬೆನ್ನಿನ ಗ್ರೀಕ್ ವಾದ್ಯ. ಚಪ್ಪಟೆ ಬೆನ್ನು ಬಂದದ್ದು ಆಮೇಲೆ. ನನ್ನದೂ ಚಪ್ಪಟೆಯೇ. ಗುಂಡು ಬೆನ್ನಿಗೆ ಅಷ್ಟೊಂದು ಪಟ್ಟಿ ಬಾಗಿಸಿ ಜೋಡಿಸುವ ತಾಳ್ಮೆ ನನಗಿಲ್ಲ.

ಸ್ಪ್ರೂಸ್ ಮರದ ಮೇಲ್ಹಲಗೆ 2.5 ಮಿ.ಮೀ. ದಪ್ಪ, ಒಳಗೆ ಎರಡೇ ಅಡ್ಡಪಟ್ಟಿ. ತಂತಿಯ ಉದ್ದ 650 ಮಿ.ಮೀ. ನಾಲ್ಕು ಜೋಡಿಯಲ್ಲಿ ಎಂಟು ತಂತಿ, ಶ್ರುತಿ ಜಿ-ಡಿ-ಎ-ಡಿ. ಕುದುರೆಯನ್ನು, ಅಂದರೆ ಬ್ರಿಡ್ಜನ್ನು, ಅಂಟಿಸಿಲ್ಲ. ತಂತಿಗಳು ಅದರ ಮೇಲೆ ಹಾದು ಬುಡದ ಟೇಲ್‌ಪೀಸ್‌ಗೆ ಸಿಕ್ಕಿಕೊಳ್ಳುತ್ತವೆ.

ಶ್ರುತಿ ಮಾಡಿದ ಮೊದಲ ಸಂಜೆ ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಮೂರನೆಯ ದಿನ ನೋಡಿದರೆ ಕುದುರೆಯ ಕೆಳಗೆ ಹಲಗೆ 2 ಮಿ.ಮೀ. ತಗ್ಗಿದೆ! ತಂತಿ ಕತ್ತಿನ ಮೆಟ್ಟಿಲುಗಳಿಗೆ, ಅಂದರೆ ಫ್ರೆಟ್‌ಗಳಿಗೆ, ತಾಗಿ ಝರ್ ಎನ್ನುತ್ತಿದೆ. ತಂತಿ ಕುದುರೆಯ ಮೇಲೆ ಕಡಿದಾಗಿ ಬಾಗಿದಷ್ಟೂ ಕೆಳಗಿನ ಒತ್ತಡ ಹೆಚ್ಚು. ನನ್ನದರಲ್ಲಿ ಆ ಕೋನ ಸುಮಾರು 18 ಡಿಗ್ರಿ. ಸದ್ಯಕ್ಕೆ ತಂತಿ ಸಡಿಲಿಸಿಟ್ಟಿದ್ದೇನೆ.

ಟೇಲ್‌ಪೀಸನ್ನು ಎತ್ತರಿಸಿ ಕೋನ ಇಳಿಸಿದರೆ ಸಾಕೇ? ಅಥವಾ ಬೆನ್ನು ಬಿಚ್ಚಿ ಕುದುರೆಯ ಕೆಳಗೆ ಇನ್ನೊಂದು ಪಟ್ಟಿ ಕೂರಿಸಲೇಬೇಕೇ? ಪಟ್ಟಿ ದಪ್ಪವಾದರೆ ನಾದ ಮಂಕಾಗುವ ಭಯವೂ ಇದೆ. ಮ್ಯಾಂಡೊಲಿನ್, ಗಿಟಾರ್ ರಿಪೇರಿ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಒಳಗಿನ ಫೋಟೊ ಬೇಕಿದ್ದರೆ ಹಾಕುತ್ತೇನೆ. ಅಂಟು ಸುರಿದಿರುವುದನ್ನು ಕಂಡು ನಗಬೇಡಿ.