ಪದಚರ್ಚೆ: ‘ಲಲಿತಕಲಾ ಛಾಯಾಚಿತ್ರ’ವನ್ನು ಹೇಗೆ ಬಿಡಿಸಿಕೊಳ್ಳಬೇಕು?

ಮಾನ್ಯರೇ,

ತುಮಕೂರಿನಲ್ಲಿ ನಾವು ಹದಿನೈದಿಪ್ಪತ್ತು ಮಂದಿ ಹವ್ಯಾಸಿ ಛಾಯಾಗ್ರಾಹಕರು ತಿಂಗಳಿಗೊಮ್ಮೆ ಸೇರಿ, ತೆಗೆದ ಚಿತ್ರಗಳನ್ನು ಒಬ್ಬರಿಗೊಬ್ಬರು ತೋರಿಸಿ ಮಾತನಾಡುತ್ತೇವೆ. ಶಾಲಾ ಶಿಕ್ಷಕರು, ಬ್ಯಾಂಕಿನಿಂದ ನಿವೃತ್ತರಾದವರು, ತಿಪಟೂರು ಕಡೆಯ ಕೊಬ್ಬರಿ ವ್ಯಾಪಾರಿ ಒಬ್ಬರು ನಮ್ಮಲ್ಲಿದ್ದಾರೆ. ನಾನು ಬಹುಕಾಲ ಕನ್ನಡ ಪಾಠ ಹೇಳಿದವನು. ಈ ವರ್ಷ ಜಿಲ್ಲೆಯ ಹವ್ಯಾಸಿಗಳಿಗಾಗಿ ಸಣ್ಣದೊಂದು ಸ್ಪರ್ಧೆ ನಡೆಸಲು ತೀರ್ಮಾನಿಸಿ ಪ್ರಕೃತಿ, ಜನಜೀವನ, ಫೈನ್ ಆರ್ಟ್ ಎಂಬ ಮೂರು ವಿಭಾಗಗಳನ್ನು ಗೊತ್ತುಮಾಡಿಕೊಂಡೆವು. ಮೂರನೆಯದು, ಎದುರಿಗಿದ್ದದ್ದನ್ನು ದಾಖಲಿಸುವುದಕ್ಕಿಂತ ತೆಗೆದವರ ಭಾವವನ್ನು ಹೇಳುವ ಚಿತ್ರಗಳಿಗೆ. ಪ್ರಕಟಣೆ ಪೂರ್ತಿಯಾಗಿ ಕನ್ನಡದಲ್ಲಿರಬೇಕೆಂದು ನಾನು ಒತ್ತಾಯಿಸಿದ್ದರಿಂದ ಅದನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೂರನೆಯ ವಿಭಾಗಕ್ಕೆ, ನಿಘಂಟುಗಳಲ್ಲಿ ಫೈನ್ ಆರ್ಟ್ಸ್ ಎಂಬುದಕ್ಕೆ ‘ಲಲಿತಕಲೆಗಳು’ ಎಂಬ ಅರ್ಥವಿರುವುದನ್ನು ನೆಚ್ಚಿ, ‘ಲಲಿತಕಲಾ ಛಾಯಾಚಿತ್ರ’ ಎಂದು ಬರೆದೆ.

ಆ ವಿಭಾಗಕ್ಕೆ ಬಂದ ಚಿತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಭರತನಾಟ್ಯದ ಭಂಗಿಗಳು, ವೀರಗಾಸೆಯ ಕುಣಿತ, ಕೈದಾಳದ ಚೆನ್ನಕೇಶವನ ವಿಗ್ರಹ, ನಾಟಕದ ದೃಶ್ಯಗಳು. ಕಳುಹಿಸಿದವರದು ಯಾವ ತಪ್ಪೂ ಇಲ್ಲವೆಂದು ನನಗೆ ಕೂಡಲೇ ಹೊಳೆಯಿತು. ಅವರು ಪದವನ್ನು ಕನ್ನಡಿಗರು ಬಿಡಿಸಿಕೊಳ್ಳುವಂತೆಯೇ ಬಿಡಿಸಿಕೊಂಡಿದ್ದರು: ಲಲಿತಕಲೆಯ ಛಾಯಾಚಿತ್ರವೇ ಲಲಿತಕಲಾ ಛಾಯಾಚಿತ್ರ, ಅಂದರೆ ಷಷ್ಠೀ ತತ್ಪುರುಷ. ನಾನು ಬರೆಯುವಾಗ ಮನಸ್ಸಿನಲ್ಲಿದ್ದದ್ದು ‘ಲಲಿತಕಲೆಯೇ ಆದ ಛಾಯಾಚಿತ್ರ’ ಎಂಬ ಕರ್ಮಧಾರಯ. ಸಮಾಸವನ್ನು ಹೀಗೆ ಬಿಡಿಸಿ ಹೇಳುವ ವಿಗ್ರಹವಾಕ್ಯವನ್ನು ಪ್ರಕಟಣೆಯಲ್ಲಿ ಅಚ್ಚು ಹಾಕಿಸಲು ಬರುವುದಿಲ್ಲವಲ್ಲ.

ಇದು ಕೇವಲ ನಮ್ಮ ಸ್ಪರ್ಧಿಗಳ ಓದಿನ ವಿಚಾರವಲ್ಲ. ವನ್ಯಜೀವಿ ಛಾಯಾಗ್ರಹಣ, ಕ್ರೀಡಾ ಛಾಯಾಗ್ರಹಣ, ಪ್ರಕೃತಿ ಛಾಯಾಗ್ರಹಣ, ಮದುವೆ ಫೋಟೊಗ್ರಫಿ ಎಂದು ನಮ್ಮಲ್ಲಿ ರೂಢಿಯಾಗಿರುವ ಜೋಡುಪದಗಳಲ್ಲೆಲ್ಲ ಮೊದಲ ಪದ ಕ್ಯಾಮೆರಾದ ಎದುರಿಗೆ ಏನಿತ್ತು ಎಂಬುದನ್ನು ಹೇಳುತ್ತದೆ. ಇದೇ ಅಚ್ಚಿಗೆ ಒಗ್ಗಿದ ಕಿವಿ ‘ಲಲಿತಕಲಾ’ ಎಂದೊಡನೆ ಎದುರಿಗೆ ನೃತ್ಯವನ್ನೋ ಶಿಲ್ಪವನ್ನೋ ನಿಲ್ಲಿಸಿಕೊಳ್ಳುತ್ತದೆ. ಇದಕ್ಕೆ ಒಂದು ಅಪವಾದವೂ ಇದೆ. ‘ಪತ್ರಿಕಾ ಛಾಯಾಗ್ರಾಹಕ’ರೆಂದರೆ ಪತ್ರಿಕೆಗಳ ಫೋಟೊ ತೆಗೆಯುವವರೆಂದು ಯಾರೂ ಭಾವಿಸುವುದಿಲ್ಲ, ಏಕೆಂದರೆ ಅವರು ಕೆಲಸ ಮಾಡುವುದನ್ನು ನಾವು ಸಭೆಗಳಲ್ಲಿ, ಬೀದಿಗಳಲ್ಲಿ ಕಂಡಿದ್ದೇವೆ, ಅವರ ಚಿತ್ರಗಳನ್ನು ಬೆಳಗಾದರೆ ನೋಡುತ್ತೇವೆ. ಬಳಕೆ ಬಲಿತರೆ ‘ಲಲಿತಕಲಾ ಛಾಯಾಚಿತ್ರ’ವೂ ಹಾಗೆಯೇ ನೆಲೆ ನಿಲ್ಲಬಹುದೆಂದು ವಾದಿಸುವವರಿಗೆ ಇದು ಒಳ್ಳೆಯ ಆಧಾರ. ಆದರೆ ಪತ್ರಿಕೆ ಮನೆಮನೆಗೆ ಬರುವ ವಸ್ತು. ಈ ಬಗೆಯ ಛಾಯಾಚಿತ್ರವನ್ನು ನಮ್ಮ ಊರುಗಳಲ್ಲಿ ಜನ ಇನ್ನೂ ಹೆಚ್ಚು ಕಂಡಿಲ್ಲ. ಕಾಣದ ವಸ್ತುವಿಗೆ ದಾರಿ ತೋರಿಸಬೇಕಾದ ಹೆಸರೇ ದಾರಿ ತಪ್ಪಿಸಿದರೆ ವಸ್ತುವೂ ಕೈಗೆ ಸಿಗುವುದಿಲ್ಲ.

ಇನ್ನು ‘ಲಲಿತ’ದ ಮಾತು. ಯೂರೋಪಿನಲ್ಲಿ 18ನೆಯ ಶತಮಾನದಲ್ಲಿ, ಮುಖ್ಯವಾಗಿ 1746ರಲ್ಲಿ ಫ್ರಾನ್ಸಿನ ಶಾರ್ಲ್ ಬಾತೂ ಬರೆದ ಗ್ರಂಥದಿಂದ, ಚಿತ್ರ, ಶಿಲ್ಪ, ಸಂಗೀತ, ಕಾವ್ಯ, ನೃತ್ಯಗಳನ್ನು ಒಂದು ಗುಂಪಾಗಿ ಸೇರಿಸಿ, ಉಪಯೋಗಕ್ಕಾಗಿ ಇರುವ ಕಸುಬುಗಳಿಂದ ಬೇರ್ಪಡಿಸುವ ಪದ್ಧತಿ ಗಟ್ಟಿಯಾಯಿತು. ಅಲ್ಲಿನ ಫೈನ್ ಎಂಬ ವಿಶೇಷಣ ಹೇಳುವುದು ನಯವನ್ನಲ್ಲ, ಬೇರೆ ಪ್ರಯೋಜನದ ಹಂಗಿಲ್ಲದೆ ಅದಕ್ಕಾಗಿಯೇ ಅದನ್ನು ಮಾಡುವುದನ್ನು. ನಮ್ಮ ‘ಲಲಿತ’ ಆಟ, ವಿಲಾಸಗಳ ಅರ್ಥವಿರುವ ಸಂಸ್ಕೃತ ಧಾತುವಿನಿಂದ ಬಂದದ್ದು. ಲಾಲನೆಯೂ ಅದರ ನಂಟಸ್ತಿಕೆಯದೇ. ಲಲಿತ ರಗಳೆಯ ಓಟ, ಲಲಿತ ಪ್ರಬಂಧದ ಸಲಿಗೆ, ಧೀರಲಲಿತ ನಾಯಕನ ನಿಶ್ಚಿಂತೆ, ಇವೆಲ್ಲವೂ ಆ ಪದದ ಸುತ್ತ ಹಗುರವಾದ, ಮೃದುವಾದ ಗಾಳಿಯನ್ನು ಬೀಸಿವೆ. ನಮ್ಮ ಗುಂಪಿನ ಹೆಣ್ಣುಮಗಳೊಬ್ಬರು ಪಾವಗಡದ ಕಡೆ ಒಡೆದ ಕೆರೆಯಂಗಳವನ್ನು ತೀರ ಕಪ್ಪು ಬಿಳುಪಿನಲ್ಲಿ, ಬಿರುಕುಗಳು ಗಾಯದಂತೆ ಕಾಣುವ ಹಾಗೆ ತೆಗೆದಿದ್ದಾರೆ. ಅದರ ಎದುರು ನಿಂತಾಗ ‘ಲಲಿತ’ ಎಂಬ ಪದ ನನ್ನ ನಾಲಿಗೆಗೆ ಬರಲಿಲ್ಲ. ಆದರೂ ಆ ವಿಭಾಗಕ್ಕೆ ಸಲ್ಲಬೇಕಾದ ಚಿತ್ರಗಳಲ್ಲಿ ಅದು ಮುಂಚೂಣಿಯದು.

ವಿಭಾಗದ ತಿರುಳು ನನಗೆ ಸ್ಪಷ್ಟವಾದದ್ದು ನಮ್ಮ ಗುಂಪಿನ ಕೊಬ್ಬರಿ ವ್ಯಾಪಾರಿ ತೆಗೆದ ಚಿತ್ರದಿಂದ. ಉಂಡೆ ಕೊಬ್ಬರಿಗಾಗಿ ನಮ್ಮ ಕಡೆ ಬಲಿತ ತೆಂಗಿನಕಾಯಿಗಳನ್ನು ಸಿಪ್ಪೆಸಮೇತ ಅಟ್ಟದ ಮೇಲೆ ಹಾಕಿ, ಒಳಗಿನ ನೀರು ತಾನಾಗಿಯೇ ಇಂಗುವವರೆಗೆ, ವರ್ಷದ ಹತ್ತಿರ ಹತ್ತಿರ ಹಾಗೆಯೇ ಬಿಡುತ್ತಾರೆ. ಅಂಥದೊಂದು ಅಟ್ಟದಲ್ಲಿ ಹೆಂಚಿನ ಸಂದಿನಿಂದ ಇಳಿದ ಒಂದೇ ಒಂದು ಬೆಳಕಿನ ಎಳೆ ಒಂದೇ ಒಂದು ಕಾಯಿಯ ಮೇಲೆ ಬಿದ್ದಿದೆ. ಉಳಿದದ್ದೆಲ್ಲ ಕತ್ತಲೆ, ಆ ಕತ್ತಲೆಯಲ್ಲಿ ನೂರಾರು ಕಾಯಿಗಳ ಗುಂಡುಗಳು ಇವೆಯೋ ಇಲ್ಲವೋ ಎಂಬಂತೆ ಇವೆ. ಬೆಳಕು ಆ ಜಾಗಕ್ಕೆ ಬರುವ ಹೊತ್ತಿಗಾಗಿ ಅವರು ಎಷ್ಟೋ ದಿನ ಅಟ್ಟ ಹತ್ತಿದ್ದಾರೆ. ಇದು ಜನಜೀವನದ ವಿಭಾಗಕ್ಕೆ ಸೇರಬೇಕಾದ ಚಿತ್ರವಲ್ಲವೇ, ಕೊಬ್ಬರಿ ಮಾಡುವ ಕ್ರಮವನ್ನು ತೋರಿಸುತ್ತದೆಯಲ್ಲ ಎಂದು ಒಬ್ಬರು ಕೇಳಿದಾಗ ಅವರು ಕೊಟ್ಟ ಉತ್ತರವನ್ನು ಅವರ ಮಾತಿನಲ್ಲೇ ಬರೆಯುತ್ತೇನೆ: “ಇದು ಕಾಯಿ ಫೋಟೊ ಅಲ್ಲ ಸಾರ್, ಕಾಯೋದರ ಫೋಟೊ.”

ಕ್ಯಾಮೆರಾದ ಎದುರಿಗಿದ್ದದ್ದು ಕಾಯಿ. ಚಿತ್ರ ಹೇಳುತ್ತಿರುವುದು ಕಾಯುವಿಕೆಯನ್ನು. ದಾಖಲೆಯ ಚಿತ್ರದಲ್ಲಿ ಎದುರಿಗಿದ್ದದ್ದೇ ಹೇಳಿಕೆಯೂ ಆಗಿರುತ್ತದೆ, ಈ ಚಿತ್ರದಲ್ಲಿ ಅವೆರಡರ ನಡುವೆ ಒಂದು ಅಂತರವಿದೆ. ನಮಗೆ ಬೇಕಾಗಿರುವುದು ಈ ಅಂತರವನ್ನು ಹೇಳುವ ಪದ.

ಅಲಂಕಾರಶಾಸ್ತ್ರ ಓದಿದವರಿಗೆ ಇಲ್ಲಿ ‘ಧ್ವನಿ’, ಅಂದರೆ ನೇರವಾಗಿ ಹೇಳದೆ ಸೂಚಿಸುವ ಅರ್ಥ, ತಾನಾಗಿ ನೆನಪಾಗುತ್ತದೆ, ಮತ್ತು ಆ ಶಾಸ್ತ್ರವನ್ನು ಕನ್ನಡದಲ್ಲಿ ತಿಳಿಯಾಗಿ ಹೇಳಿದ ತೀ.ನಂ. ಶ್ರೀಕಂಠಯ್ಯನವರು ನಮ್ಮ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರಾದ್ದರಿಂದ ಅಲ್ಲಿಂದಲೇ ಪದ ಸಿಕ್ಕಿದರೆ ನನಗೆ ಸಂತೋಷವಾಗುತ್ತಿತ್ತು. ಆದರೆ ಇಂದಿನ ಕನ್ನಡದಲ್ಲಿ ಧ್ವನಿ ಎಂದರೆ ಸದ್ದು. ‘ಧ್ವನಿಚಿತ್ರ’ ಎಂದರೆ ಮಾತನಾಡುವ ಸಿನಿಮಾ ಎಂದಾಗುತ್ತದೆ. ಇನ್ನೊಂದು ತೊಡಕೆಂದರೆ, ಧ್ವನಿ ಸಿದ್ಧಾಂತವನ್ನು ಮಂಡಿಸಿದ ಆನಂದವರ್ಧನನ ಲೆಕ್ಕದಲ್ಲಿ ಧ್ವನಿಯಿಲ್ಲದ ಕಾವ್ಯಕ್ಕೇ ‘ಚಿತ್ರ’ವೆಂದು ಹೆಸರು. ಅದೇ ಪರಂಪರೆಯ ಶ್ರೀಶಂಕುಕನ ಚಿತ್ರತುರಗ ನ್ಯಾಯ ಮಾತ್ರ ನಮ್ಮ ಕೆಲಸಕ್ಕೆ ಬಹಳ ಹತ್ತಿರದ್ದು. ಚಿತ್ರದ ಕುದುರೆಯನ್ನು ಕಂಡಾಗ ಆಗುವ ‘ಇದು ಕುದುರೆ’ ಎಂಬ ಅರಿವು ನಿಜವಾದ ಅರಿವಲ್ಲ, ತಪ್ಪು ಅರಿವಲ್ಲ, ಸಂಶಯವಲ್ಲ, ಹೋಲಿಕೆಯ ಅರಿವೂ ಅಲ್ಲ, ಇವೆಲ್ಲಕ್ಕಿಂತ ಬೇರೆಯದು ಎಂದು ಅವನು ಹೇಳಿದ. ಫೋಟೊದ ಕುದುರೆಯನ್ನು ಮಾತ್ರ ನಾವೆಲ್ಲ ನಿಜವಾದ ಕುದುರೆಯೆಂದೇ ಒಪ್ಪಿಬಿಡುತ್ತೇವೆ, ಗುರುತಿನ ಚೀಟಿಗೂ ಕೋರ್ಟಿನ ಸಾಕ್ಷಿಗೂ ಅದು ಸಲ್ಲುತ್ತದೆ. ಅದನ್ನು ಮತ್ತೆ ಶಂಕುಕನ ಕುದುರೆಯಾಗಿ ಕಾಣಿಸಲು ಶ್ರಮಿಸುವವರೇ ಈ ವಿಭಾಗದ ಛಾಯಾಗ್ರಾಹಕರು. ಈ ಶ್ರಮ ಹೊಸದೂ ಅಲ್ಲ: ಇಂಗ್ಲೆಂಡಿನ ಹೆನ್ರಿ ಪೀಚ್ ರಾಬಿನ್ಸನ್ 1858ರಲ್ಲಿಯೇ ಐದು ನೆಗೆಟಿವ್‌ಗಳನ್ನು ಜೋಡಿಸಿ ಒಂದು ಚಿತ್ರ ಮಾಡಿದ್ದರು, ನ್ಯೂಯಾರ್ಕಿನಲ್ಲಿ ಆಲ್ಫ್ರೆಡ್ ಸ್ಟೀಗ್ಲಿಟ್ಸ್ 1902ರಲ್ಲಿ ಛಾಯಾಚಿತ್ರವನ್ನು ಕಲೆಯೆಂದು ಒಪ್ಪಿಸುವುದಕ್ಕಾಗಿಯೇ ಒಂದು ಬಳಗ ಕಟ್ಟಿದರು.

ಬೇರೆ ಆಯ್ಕೆಗಳನ್ನೂ ತೂಗಿ ನೋಡಿದ್ದೇನೆ. ‘ಕಲಾತ್ಮಕ ಛಾಯಾಚಿತ್ರ’ ಎಂಬುದು ಎಲ್ಲರ ಬಾಯಿಗೆ ಮೊದಲು ಬರುವ ಪದ, ಆದರೆ ಅದು ವರ್ಗವನ್ನು ಹೇಳದೆ ಮೆಚ್ಚುಗೆಯನ್ನು ಹೇಳುತ್ತದೆ. ಒಳ್ಳೆಯ ಹಕ್ಕಿಯ ಚಿತ್ರವೂ ಕಲಾತ್ಮಕವೇ. ಕಗ್ಗಲಡುವಿನ ಹುಣಸೆಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳ ಸ್ಫುಟವಾದ ಚಿತ್ರಕ್ಕೂ, ಕ್ಯಾಮೆರಾವನ್ನು ಬೇಕೆಂದೇ ಅಲುಗಿಸಿ ರೆಕ್ಕೆಯ ನಸುಗೆಂಪನ್ನು ಮಾತ್ರ ಉಳಿಸಿಕೊಂಡ ಚಿತ್ರಕ್ಕೂ ಇರುವ ಭೇದ ಆ ಪದದಲ್ಲಿ ಇಲ್ಲ. ‘ಕಲಾತ್ಮಕ ಚಿತ್ರ’ ಎಂದು ಮೊಟಕುಮಾಡಿದರಂತೂ ಅದು ಸಿನಿಮಾಕ್ಕೆ ಹೋಗಿಬಿಡುತ್ತದೆ, ‘ಛಾಯಾಗ್ರಾಹಕ’ ಎಂಬ ಪದ ಅರ್ಧ ಸಿನಿಮಾಕ್ಕೆ ಹೋಗಿರುವಂತೆ. ‘ಸೃಜನಶೀಲ ಛಾಯಾಚಿತ್ರ’ ಎಂದರೆ ಕಂಪ್ಯೂಟರಿನಲ್ಲಿ ಜೋಡಿಸಿದ ಚಿತ್ರವೆಂದು ಸ್ಪರ್ಧೆಗಳ ವಲಯದಲ್ಲಿ ತಿಳಿಯುತ್ತಾರೆ. ಇಂಗ್ಲಿಷನ್ನೇ ಉಳಿಸಿಕೊಳ್ಳೋಣವೆಂದರೆ, ಮಧುಗಿರಿಯಿಂದ ಫೋನು ಮಾಡಿದ ಹುಡುಗನೊಬ್ಬ “ಫೈನ್ ಆರ್ಟ್ ಅಂದ್ರೆ ಫೈನಾಗಿ ಬಂದಿರೋ ಫೋಟೊನಾ?” ಎಂದು ವಿಚಾರಿಸಿದ. ಅವನ ಪ್ರಶ್ನೆ ನ್ಯಾಯವಾದದ್ದು. ‘ಫೈನ್’ ಈಗ ಕನ್ನಡದ ಪದವೇ, ಅದಕ್ಕೆ ಚೆನ್ನಾಗಿರುವುದು ಎಂಬುದೂ ದಂಡ ಎಂಬುದೂ ಇಲ್ಲಿ ನೆಲೆಗೊಂಡ ಅರ್ಥಗಳು, ಮೂರನೆಯ ಅರ್ಥಕ್ಕೆ ಇನ್ನೂ ಜಾಗ ಸಿಕ್ಕಿಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಪದ ‘ಭಾವಚಿತ್ರ’. ಭಾವವನ್ನು ಹೇಳುವ ಚಿತ್ರ ಭಾವಚಿತ್ರ. ಹುಡುಕಿದರೂ ಸಿಗದಷ್ಟು ಸರಿಯಾದ ಪದ ನಮ್ಮಲ್ಲಿ ಸಿದ್ಧವಾಗಿಯೇ ಇತ್ತು. ಅದನ್ನು ಅರ್ಜಿ ನಮೂನೆಗಳ ಮೂಲೆಯ ಚೌಕಕ್ಕೆ ಕೊಟ್ಟುಬಿಟ್ಟೆವು. ‘ಇತ್ತೀಚಿನ ಭಾವಚಿತ್ರವನ್ನು ಅಂಟಿಸಿ’ ಎಂದಿರುವಲ್ಲಿ ಅಂಟಿಸಬೇಕಾದದ್ದು ಯಾವ ಭಾವವೂ ಇಲ್ಲದ, ಕಣ್ಣು ನೇರವಾಗಿ ನೆಟ್ಟ ಮುಖ. ವ್ಯಕ್ತಿಯ ಮುಖದ ಚಿತ್ರಕ್ಕೆ ಈ ಪದ ಮೊದಲು ಬಂದಾಗ ಮುಖದಲ್ಲಿ ಭಾವ ಮೂಡಿಸುವ ಚಿತ್ರಕಾರನ ಕೈ ಅದರ ಹಿಂದೆ ಇದ್ದಿರಬೇಕೆಂದು ನನ್ನ ಊಹೆ. ಈಗ ಅದನ್ನು ಹಿಂದಕ್ಕೆ ಪಡೆಯಲಾಗದು.

ಉಳಿದ ಪದಗಳಲ್ಲಿ ನಾನು ವಾಲುತ್ತಿರುವುದು ‘ಭಾವಪ್ರಧಾನ ಛಾಯಾಚಿತ್ರ’ದ ಕಡೆಗೆ. ವಸ್ತುಪ್ರಧಾನ, ಭಾವಪ್ರಧಾನ ಎಂಬ ವಿಂಗಡಣೆ ಸಾಹಿತ್ಯ ಓದಿದವರಿಗೆ ಪರಿಚಿತ. ‘ಪ್ರಧಾನ’ ಎಂಬುದು ಎದುರಿಗಿದ್ದ ವಸ್ತುವನ್ನು ಅಲ್ಲಗಳೆಯದೆ ಹಿಂದಕ್ಕೆ ಸರಿಸುತ್ತದೆ. ಸಮಾಸವನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಳ್ಳಲು ಎಡೆಯಿಲ್ಲ. ಎರಡು ಆಕ್ಷೇಪಗಳನ್ನು ನಾನೇ ಕಾಣಬಲ್ಲೆ. ಗೆರೆ, ಆಕಾರ, ನೆರಳುಗಳ ಜೋಡಣೆಯೇ ಸರ್ವಸ್ವವಾದ ಅಮೂರ್ತ ಚಿತ್ರಗಳಿಗೆ ‘ಭಾವ’ ಹೊಂದೀತೇ ಎಂಬುದು ಒಂದು. ಇನ್ನೊಂದು ಇದಕ್ಕಿಂತ ಭಾರವಾದದ್ದು: ‘ಭಾವ’ ಎಂದೊಡನೆ ಅಳುವ ಮಗುವಿನ ಮತ್ತು ಸುಕ್ಕುಗಟ್ಟಿದ ಅಜ್ಜಿಯ ಚಿತ್ರಗಳು ಬರಬಹುದು, ಆಗ ನೃತ್ಯದ ಭಂಗಿಗಳ ಜಾಗದಲ್ಲಿ ಕಣ್ಣೀರು ಬಂದಂತಾಗುತ್ತದೆ.

ಕ್ರಿಯಾಪದದ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ನಮ್ಮ ಮನೆಯಲ್ಲಿ ಹಿರಿಯರು ‘ಪಟ ಹಿಡಿಸಿಕೊಂಡು ಬಂದೆವು, ಕಟ್ಟು ಹಾಕಿಸಬೇಕು’ ಎನ್ನುತ್ತಿದ್ದರು. ಈಗ ಫೋಟೊ ತೆಗೆಯುತ್ತೇವೆ, ಹೊಡೆಯುತ್ತೇವೆ, ಕ್ಲಿಕ್ಕಿಸುತ್ತೇವೆ, ಸೆರೆಹಿಡಿಯುತ್ತೇವೆ. ಎಲ್ಲವೂ ಹೊರಗೆ ಇರುವುದನ್ನು ಕಿತ್ತು ತರುವ ಕ್ರಿಯೆಗಳು. ‘ಛಾಯಾಗ್ರಹಣ’ದಲ್ಲಿ ಹಿಡಿಯುವ ಅರ್ಥದ ಜೊತೆಗೆ ಮನಸ್ಸಿನಿಂದ ಗ್ರಹಿಸುವ ಅರ್ಥವೂ ಇದೆ ಎಂಬುದು ಸಮಾಧಾನದ ಸಂಗತಿ. ಆದರೆ ಕನ್ನಡದಲ್ಲಿ ಚಿತ್ರವನ್ನು ‘ಬರೆಯುತ್ತೇವೆ’. ಅಕ್ಷರಕ್ಕೂ ಚಿತ್ರಕ್ಕೂ ನಮ್ಮದು ಒಂದೇ ಕ್ರಿಯಾಪದ. 1839ರಲ್ಲಿ ಜಾನ್ ಹರ್ಷೆಲ್ ಬಳಕೆಗೆ ತಂದ ‘ಫೋಟೊಗ್ರಫಿ’ಯ ಗ್ರೀಕ್ ಮೂಲದ ಅರ್ಥವೂ ಬೆಳಕಿನಿಂದ ಬರೆಯುವುದೇ. ಅಟ್ಟದ ಕಾಯಿಯ ಚಿತ್ರವನ್ನು ಅವರು ತೆಗೆದರು ಎನ್ನುವುದಕ್ಕಿಂತ ಬರೆದರು ಎನ್ನುವುದೇ ನನಗೆ ನಿಜವೆನಿಸುತ್ತದೆ. ಹಾಗೆ ಹೇಳಿದರೆ ಕಿವಿಗೆ ಒಡೆದು ಕೇಳುತ್ತದೆ ಎಂಬುದನ್ನೂ ಒಪ್ಪುತ್ತೇನೆ.

ಕೊನೆಯದಾಗಿ, ಚಿತ್ರದ ಜೊತೆಗೆ ಸ್ಪರ್ಧಿಗಳು ತಮ್ಮ ಉದ್ದೇಶವನ್ನು ನಾಲ್ಕು ಸಾಲಿನಲ್ಲಿ ಬರೆದುಕೊಡಬೇಕೆಂಬ ನಿಯಮವಿದೆ. ಇದಕ್ಕೆ ‘ಕಲಾವಿದರ ಹೇಳಿಕೆ’ ಎಂದು ಬರೆದರೆ ಪೊಲೀಸರ ಮುಂದೆಯೋ ವರದಿಗಾರರ ಮುಂದೆಯೋ ಕೊಟ್ಟಂತಿರುತ್ತದೆ. ಹಳೆಯ ಪುಸ್ತಕಗಳ ಮೊದಲ ಪುಟಗಳಲ್ಲಿ ಲೇಖಕರು ಬರೆಯುತ್ತಿದ್ದ ‘ಅರಿಕೆ’ ಇಲ್ಲಿಗೆ ಒದಗುತ್ತದೆಂದು ನನಗೆ ತೋರುತ್ತದೆ, ಅದರಲ್ಲಿ ವಿನಯವೂ ಅರಿವೂ ಎರಡೂ ಇವೆ.

ಆದ್ದರಿಂದ ನನ್ನ ಪ್ರಶ್ನೆಗಳು ಇವು. ‘ಲಲಿತಕಲಾ ಛಾಯಾಚಿತ್ರ’ವನ್ನು ಕರ್ಮಧಾರಯವಾಗಿ ಓದಿಸುವ ಬಳಕೆಯನ್ನು ಯಾರಾದರೂ ಕಂಡಿದ್ದೀರಾ? ‘ಭಾವಪ್ರಧಾನ’ಕ್ಕೆ ನಾನು ಹೇಳಿದ ಎರಡನೆಯ ಆಕ್ಷೇಪವನ್ನು ತಪ್ಪಿಸುವ ಪದ, ಸಂಸ್ಕೃತದ್ದಾಗಲಿ ಅಚ್ಚಗನ್ನಡದ್ದಾಗಲಿ, ನಿಮಗೆ ತೋಚುತ್ತದೆಯೇ? ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಛಾಯಾಗ್ರಾಹಕರು ತಮ್ಮ ತಮ್ಮೊಳಗೆ ಇಂಥ ಚಿತ್ರವನ್ನು ಏನೆಂದು ಕರೆದುಕೊಳ್ಳುತ್ತಾರೆ? ಬರೆಯುವಾಗ ಬಳಸುವ ಪದಕ್ಕಿಂತ ಆಡುವಾಗ ಬಳಸುವ ಪದವನ್ನು ತಿಳಿಸಿದರೆ ಹೆಚ್ಚು ಉಪಕಾರವಾಗುತ್ತದೆ. ಪ್ರಕಟಣೆಯನ್ನು ತಿದ್ದಿ ಮತ್ತೊಮ್ಮೆ ಹೊರಡಿಸಲು ಗೆಳೆಯರು ಒಪ್ಪಿದ್ದಾರೆ. ನಿಮ್ಮ ಉತ್ತರಗಳನ್ನು ನೋಡಿಯೇ ಅದನ್ನು ಅಚ್ಚಿಗೆ ಕೊಡುತ್ತೇನೆ.

ನಮಸ್ಕಾರಗಳೊಂದಿಗೆ,
ತುಮಕೂರಿನಿಂದ